ಮೊದಲ ಡಬ್ಬಿ ಮುನಿಗಂಗಮ್ಮನಿಗೆ

ಬ್ಲೌಸ್ ಹೊಲಿಯೋಳು ಕಥೆ ಹೇಳೋಕೆ ಕೂತ್ರೆ ಜನ ನಗ್ತಾರೆ. ನಗಲಿ ಬಿಡಿ. ಹೊಟ್ಟೆಯೊಳಗೆ ಇಟ್ಕೊಂಡು ಕೂತ್ರೆ ನನಗೆ ಊಟ ಸೇರಲ್ಲ.

ನನ್ನ ಹೆಸರು ಧನಲಕ್ಷ್ಮಿ. ಆರ್.ಟಿ. ನಗರದಲ್ಲಿ ಅಕ್ಬರಿ ಆಪಾ ಮನೆಯ ಮೇಲಿನ ಮಹಡೀಲಿ ಹದಿನೇಳು ವರ್ಷದಿಂದ ಬಾಡಿಗೆಗೆ ಇದ್ದೀನಿ. ನನ್ನ ಬಾಯಿ ಜೋರು ಅಂತ ಇಡೀ ಬೀದಿಗೆ ಗೊತ್ತು. ಆಪಾ ನನ್ನ ತದ್ವಿರುದ್ಧ. ಜೋರಾಗಿ ಕೆಮ್ಮೋಕೂ ಸಂಕೋಚ ಪಡೋ ಹೆಂಗಸು. ಐವತ್ತೊಂಬತ್ತು ವರ್ಷ, ತೆಳ್ಳಗೆ, ಸೀರೆ ಸೆರಗು ಯಾವಾಗಲೂ ತಲೆ ಮೇಲೆ. ನಮ್ಮ ಬೀದಿ ಕೊನೇಲಿರೋ ನರ್ಸರಿ ಶಾಲೇಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ರು. ಅಳೋ ಮಕ್ಕಳ ಮೂಗು ಒರೆಸಿ, ಚಡ್ಡಿ ಬದಲಾಯಿಸಿ, ಅವೇ ಮಕ್ಕಳು ಬೆಳೆದು ಬೈಕಲ್ಲಿ ಹೋಗೋವಾಗ 'ಆಯಾಮ್ಮ' ಅಂತ ಕೈ ಬೀಸಿದ್ರೆ ಆಪಾಗೆ ಅವತ್ತೆಲ್ಲ ಖುಷಿ. ಗಂಡ ಮುಕ್ತಾರ್ ಭಾಯಿ ಬಡಗಿ, ತೀರಿಕೊಂಡು ನಾಲ್ಕು ವರ್ಷ ಆಯ್ತು. ಮಗ ಮುದಸ್ಸಿರ್ ಮೊಬೈಲ್ ಅಂಗಡೀಲಿದ್ದಾನೆ, ಸೊಸೆ ರುಖ್ಸಾರ್ ಬಂದು ಇನ್ನೂ ಒಂದು ವರ್ಷ ತುಂಬಿಲ್ಲ.

ಶಾಲೆಯ ಹೆಡ್‌ಮಿಸ್ ಕ್ರಿಶ್ಚಿಯನ್ನರು. ಕ್ರಿಸ್‌ಮಸ್ ರಜೆ ಬಂತು ಅಂದ್ರೆ ಆಯಾಗಳನ್ನೆಲ್ಲ ತಮ್ಮ ಅಡುಗೆಮನೇಲಿ ಸೇರಿಸಿಕೊಂಡು ಶುಂಠಿ ಬಿಸ್ಕತ್ ಮಾಡೋದು ಕಲಿಸಿದ್ರಂತೆ. ಉಳಿದೋರು ತಿಂದು ಮರೆತರು, ಆಪಾ ಕಲಿತರು. ಬೆಣ್ಣೆ, ಅರ್ಧ ಬೆಲ್ಲ, ಅರ್ಧ ಸಕ್ಕರೆಪುಡಿ ಹಾಕಿ ಅಂಗೈಲೇ ತಿಕ್ಕಿ ತಿಕ್ಕಿ ನೊರೆ ಬರಿಸ್ತಾರೆ. ಒಣಶುಂಠಿ ಹುರಿದು ಕುಟ್ಟೋ ದಿನ ನನ್ನ ಹೊಲಿಗೆ ಮಷೀನ್ ತನಕ ಘಾಟು ಬಂದು ನಾಲ್ಕು ಸಲ ಸೀನ್ತೀನಿ. ಚಕ್ಕೆ, ಲವಂಗ, ಸ್ವಲ್ಪ ಜಾಯಿಕಾಯಿ. ಮೈದಾ ಸೇರಿಸಿ ಲಟ್ಟಿಸಿ ಸ್ಟೀಲ್ ಲೋಟದ ಬಾಯಲ್ಲಿ ಒತ್ತಿದ್ರೆ ದುಂಡಗೆ ಬಿಸ್ಕತ್. ಅಂಚು ಮಾತ್ರ ಕಂದು ಬಣ್ಣಕ್ಕೆ ತಿರುಗಿದಾಗ ಓವನ್‌ನಿಂದ ತೆಗೀಬೇಕು, ಆರಿದಮೇಲೆ ಮುರಿದ್ರೆ ಟಪ್ ಅನ್ನಬೇಕು. ಪ್ರತಿ ಡಿಸೆಂಬರ್ ರಜೇಲಿ ಅಕ್ಕಪಕ್ಕದ ಒಂಬತ್ತು ಮನೆಗೆ ಹೋಗುತ್ತೆ. ಆದ್ರೆ ಮೊದಲ ಡಬ್ಬಿ ರಾಜಾನುಕುಂಟೆಗೆ, ಮುನಿಗಂಗಮ್ಮನಿಗೆ. ಆ ಡಬ್ಬಿ ಮನೆಯ ಹೊಸ್ತಿಲು ದಾಟೋ ತನಕ ಯಾರೂ ಒಂದು ಚೂರೂ ಬಾಯಿಗೆ ಹಾಕೋ ಹಾಗಿಲ್ಲ. ನಾನು ಎಷ್ಟು ಸಲ ಕೈ ಹಾಕೋಕೆ ಹೋಗಿ ಲಟ್ಟಣಿಗೇಲಿ ಏಟು ತಿಂದಿದ್ದೀನಿ.

ಈ ಮುನಿಗಂಗಮ್ಮ ಯಾರು ಅಂತ ಹೇಳ್ಬೇಕು. ಮುನಿಗಂಗಮ್ಮನವರು ಅಂತ ಅನ್ನಬೇಕಿತ್ತು, ವಯಸ್ಸಲ್ಲಿ ದೊಡ್ಡೋಳು. ಆದ್ರೆ ನನ್ನ ಬಾಯಿಗೆ ಸದ್ಯಕ್ಕೆ ಆ ಮರ್ಯಾದೆ ಬರ್ತಾ ಇಲ್ಲ, ಕ್ಷಮಿಸಿ.

ಇಪ್ಪತ್ತೆರಡು ವರ್ಷದ ಹಿಂದೆ ಅವಳು ರಾಜಾನುಕುಂಟೆಯಿಂದ ಬೆಳಗಿನ ಬಸ್ಸಲ್ಲಿ ಅವರೆಕಾಯಿ ಮೂಟೆ ತಂದು ಶಾಲೆ ಎದುರಿನ ಫುಟ್‌ಪಾತಲ್ಲಿ ಮಾರ್ತಿದ್ಲು. ಒಂದಿನ ಜ್ವರ ಏರಿ ಅಲ್ಲೇ ಬಿದ್ದುಬಿಟ್ಲು. ಜನ ಸುತ್ತ ನಿಂತು ನೋಡ್ತಿದ್ರೆ, ಆಪಾ ಗೇಟಿಂದ ಓಡಿ ಬಂದು ಆಟೋಗೆ ಹಾಕಿಕೊಂಡು ಆಸ್ಪತ್ರೆಗೆ ಸೇರಿಸಿದ್ರು. ಎರಡು ದಿನ ಪಕ್ಕದಲ್ಲೇ ಕೂತಿದ್ರು. ಕಣ್ಣು ಬಿಟ್ಟ ಮುನಿಗಂಗಮ್ಮ ಆಪಾ ಕೈ ಹಿಡ್ಕೊಂಡು, 'ನೀನು ನನ್ನ ಒಡಹುಟ್ದೋಳು ಕಣವ್ವ, ಇನ್ಮೇಲೆ ನಾನೇ ನಿನ್ನಕ್ಕ' ಅಂದ್ಲಂತೆ. ಆಪಾಗೆ ಹಿಂದೆ ಮುಂದೆ ಯಾರೂ ಇಲ್ಲ. ಒಬ್ಬಳೇ ಮಗಳು, ಅಮ್ಮ ಹೆರಿಗೇಲೇ ಹೋಗಿದ್ರು. ಅಕ್ಕ ಅಂತ ಕರೆಯೋಕೆ ಒಬ್ಬಳು ಸಿಕ್ಕಿದ್ದು ಅವರಿಗೆ ದೊಡ್ಡ ಸಂಗತಿ. ಆಮೇಲೆ ಮುನಿಗಂಗಮ್ಮನ ಹೊಲ ಲೇಔಟ್ ಆಯ್ತು, ಮಗ ಅಶ್ವತ್ಥ್ ಬಿಲ್ಡರ್ ಆದ, ಮೂರಂತಸ್ತಿನ ಮನೆ ಎದ್ದಿತು. ಆದ್ರೂ ಪ್ರತಿ ಡಿಸೆಂಬರ್‌ಗೆ ಅಶ್ವತ್ಥ್ ಕಾರಲ್ಲಿ ಅವರೆಕಾಯಿ ತಂದುಕೊಟ್ಟು ಬಿಸ್ಕತ್ ಡಬ್ಬಿ ತಗೊಂಡು ಹೋಗ್ತಿದ್ದ. 'ದುಡ್ಡು ಬಂದ್ರೂ ಅಕ್ಕ ಬದಲಾಗಿಲ್ಲ ನೋಡು ಧನಾ' ಅಂತ ಆಪಾ ನನ್ನ ಹತ್ರ ನೂರು ಸಲ ಹೇಳಿರ್ಬೇಕು.

ಆ ಅಕ್ಕನಿಗೋಸ್ಕರ ಆಪಾ ಮಾಡಿದ ಒದ್ದಾಟ ಕೇಳಿ. ಮೊದಲು ಹಿಟ್ಟು ಕಲಸಿ, ತಟ್ಟೇಲಿ ಜೋಡಿಸಿ, ಬೀದಿ ಬೇಕರಿ ಒಲೇಲಿ ಸುಡಿಸಿಕೊಂಡು ಬರ್ತಿದ್ರು. ನಮ್ಮ ಕಡೆ ರಂಜಾನ್‌ಗೂ ಕ್ರಿಸ್‌ಮಸ್‌ಗೂ ಎಲ್ಲರೂ ಹಾಗೇ ಮಾಡೋದು. ಆಪಾಗೆ ಅನುಮಾನ ಬಂತು, ಅದೇ ಒಲೇಲಿ ಮಟನ್ ಪಫ್ಸ್ ಸುಡ್ತಾರೆ, ಅಕ್ಕ ದೇವರ ವಾರದ ದಿನ ಮಾಂಸ ಮುಟ್ಟಲ್ಲ ಅಂತ. ಮುದಸ್ಸಿರ್ ಮೊದಲ ಸಂಬಳದಲ್ಲಿ ಅಮ್ಮನಿಗೆ ಬಳೆ ತರ್ತೀನಿ ಅಂದಾಗ, ಬಳೆ ಬೇಡ ಮಗನೇ, ಓವನ್ ತಾ ಅಂದ್ರು. ಆ ಓವನ್ ಒಳಗೆ ಇವತ್ತಿಗೂ ಬಿಸ್ಕತ್ ಬಿಟ್ಟು ಬೇರೇನೂ ಹೋಗಿಲ್ಲ. ಒಂದ್ಸಲ ಮುದಸ್ಸಿರ್ ಯೂಟ್ಯೂಬ್ ನೋಡಿ ಅದರಲ್ಲಿ ಕೋಳಿ ಸುಡೋಕೆ ಹೋಗಿ ಬೈಸ್ಕೊಂಡಿದ್ದ. ಬಿಸ್ಕತ್‌ಗೆ ಮೊಟ್ಟೆ ಹಾಕೋದೂ ನಿಲ್ಲಿಸಿದ್ರು. ಬಿಸ್ಕತ್ ಮಾಡೋ ದಿನ ಮನೇಲಿ ಮಾಂಸ ಬೇಯಿಸಲ್ಲ. ಲೋಟ, ಲಟ್ಟಣಿಗೆ, ತಟ್ಟೆ ಎಲ್ಲ ಬೇರೆ, ಮಂಚದ ಕೆಳಗೆ ಬಟ್ಟೇಲಿ ಸುತ್ತಿ ಇಡ್ತಾರೆ. ಮುನಿಗಂಗಮ್ಮ ಇದ್ಯಾವುದನ್ನೂ ಕೇಳಿರಲಿಲ್ಲ. ಇವರೇ ಮಾಡಿಕೊಂಡಿದ್ದು, ಅಕ್ಕನಿಗೆ ಮನಸ್ಸಲ್ಲಿ ಒಂದು ಚೂರೂ ಅಳುಕು ಇರ್ಬಾರ್ದು ಅಂತ.

ಹೋದ ಡಿಸೆಂಬರ್‌ನಲ್ಲಿ ಆಗಬಾರದ್ದು ಆಯ್ತು.

ಚಳಿಗಾಲದಲ್ಲಿ ಹಗಲು ಚಿಕ್ಕದಲ್ವಾ, ರಂಜಾನ್‌ನಲ್ಲಿ ಬಿಟ್ಟುಹೋದ ರೋಜಾ ಉಪವಾಸಗಳನ್ನ ಇವರು ಆವಾಗ ಹಿಡೀತಾರೆ. ಆಪಾಗೆ ಕಣ್ಣಿನ ಆಪರೇಷನ್ ಆಗಿ ಎಂಟು ಬಿಟ್ಟುಹೋಗಿತ್ತು, ರುಖ್ಸಾರ್‌ಗೂ ಹೆಂಗಸರ ತಿಂಗಳ ಲೆಕ್ಕದ್ದು ಒಂದಷ್ಟು ಇತ್ತು. ಅತ್ತೆ ಸೊಸೆ ಇಬ್ಬರೂ ಅವತ್ತು ಉಪವಾಸ. ಇಬ್ಬರೂ ಹಿಟ್ಟು ನಾಲಿಗೆಗೆ ಮುಟ್ಟಿಸಿ ನೋಡೋ ಹಾಗಿಲ್ಲ. ನಾನು ನೋಡಬಹುದಿತ್ತು, ಆದ್ರೆ ಲಟ್ಟಣಿಗೆ ಕಾನೂನು ಇತ್ತಲ್ಲ! ಜೊತೆಗೆ ನನ್ನ ತಲೆ ಮೇಲೆ ಒಂದು ಮದುವೆ ಮನೆಯ ಆರು ಬ್ಲೌಸ್ ಕೂತಿದ್ವು. ಮಧ್ಯಾಹ್ನ ಅಶ್ವತ್ಥ್ ಬಂದ, ಡಬ್ಬಿ ತಗೊಂಡು ಹೋದ.

ಸಂಜೆ ಮಸೀದೀಲಿ ಬಾಂಗ್ ಆದಮೇಲೆ ನಾನೂ ಕೆಳಗೆ ಇಳಿದು ಹೋದೆ. ಖರ್ಜೂರ ತಿಂದು ನೀರು ಕುಡಿದು ರುಖ್ಸಾರ್ ಒಂದು ಬಿಸ್ಕತ್ ಕಚ್ಚಿದಳು. ಕಚ್ಚಿದವಳೇ ಬಾಯಿಗೆ ಕೈ ಅಡ್ಡ ಹಿಡ್ಕೊಂಡು ಸಿಂಕ್ ಕಡೆ ಓಡಿದಳು. ಏನಾಯ್ತಪ್ಪ ಅಂತ ನಾನೂ ಒಂದು ಕಚ್ಚಿದೆ. ಥೂ! ಉಪ್ಪಿನಕಾಯಿ ಭರಣಿಗೆ ನಾಲಿಗೆ ಇಟ್ಟ ಹಾಗಾಯ್ತು. ಶೆಲ್ಫ್ ಕ್ಲೀನ್ ಮಾಡೋವಾಗ ರುಖ್ಸಾರ್ ಸಕ್ಕರೆಪುಡಿ ಡಬ್ಬಕ್ಕೆ ಪುಡಿಉಪ್ಪು ತುಂಬಿಬಿಟ್ಟಿದ್ದಳು. ನೋಡೋಕೆ ಎರಡೂ ಒಂದೇ ಥರ. ಲೋಟಗಟ್ಟಲೆ ಉಪ್ಪು ಹಿಟ್ಟೊಳಗೆ ಹೋಗಿತ್ತು.

'ಅಯ್ಯೋ ಅಲ್ಲಾ, ಅಕ್ಕನ ಡಬ್ಬಿ!' ಅಂತ ಆಪಾ ತಲೆ ಮೇಲೆ ಕೈ ಹೊತ್ತು ಕೂತ್ರು. ಸೊಸೆ ಅಳೋಕೆ ಶುರು. ಆಪಾ ಅವಳನ್ನ ಒಂದು ಮಾತೂ ಬೈಲಿಲ್ಲ. ಮುನಿಗಂಗಮ್ಮನಿಗೆ ಫೋನ್ ಮಾಡಿದ್ರು, ಎತ್ತಲಿಲ್ಲ. ಅಶ್ವತ್ಥ್‌ಗೆ ಮಾಡಿದ್ರು, ಅವನೂ ಎತ್ತಲಿಲ್ಲ.

ಮಾರನೇ ಬೆಳಿಗ್ಗೆ ಆಪಾ ಮತ್ತೆ ಹಿಟ್ಟು ಕಲಸ್ತಾ ಕೂತಿದ್ರು. ನಾನು ಪಕ್ಕದಲ್ಲೇ ಟೀ ಕುಡೀತಿದ್ದೆ. ಫೋನ್ ಹೊಡ್ಕೊಂಡಿತು, ಮುನಿಗಂಗಮ್ಮನದೇ. ಆಪಾ ಕೈಯೆಲ್ಲ ಬೆಣ್ಣೆ, ನಾನೇ ಸ್ಪೀಕರ್ ಒತ್ತಿದೆ.

'ಏನವ್ವ ಅಕ್ಬರಿ, ಎಂಗಿದ್ದೀಯ? ಬಿಸ್ಕತ್ ಬಂತು ಕಣವ್ವ. ರಾತ್ರಿನೇ ಮನೆಮಂದಿ ಎಲ್ಲಾ ಕೂತ್ಕಂಡು ತಿಂದ್ವಿ. ನನ್ ಸೊಸೆ ಮಂಜುಶ್ರೀ ಅಂತೂ ಮೂರು ತಿಂದ್ಲು. ಓದ್ಸಲಕ್ಕಿಂತ ಈ ಸಲ ಬೋ ಚೆನ್ನಾಗೈತೆ.'

ನಾನು ಟೀ ಲೋಟ ಕೆಳಗಿಟ್ಟೆ. ಆಪಾ ಕೈ ಹಿಟ್ಟೊಳಗೇ ನಿಂತುಬಿಡ್ತು. 'ಸಿಹಿ ಜಾಸ್ತಿ ಆಗ್ಲಿಲ್ವಾ ಅಕ್ಕಾ?' ಅಂದ್ರು.

'ಇಲ್ಲ ಕಣವ್ವ! ಸಿಹಿ ಅದವಾಗೈತೆ. ನಿನ್ ಕೈ ಗುಣ ಬಿಡು.'

ಫೋನ್ ಇಟ್ಟಮೇಲೆ ನನಗೆ ಮೈಯೆಲ್ಲ ಉರಿದುಹೋಯ್ತು. 'ಅವಳು ತಿಂದೇ ಇಲ್ಲ ಆಪಾ! ಹಸೀ ಸುಳ್ಳು!' ಅಂತ ಕಿರುಚಿದೆ.

'ಸುಮ್ಮನಿರು ಧನಾ. ನನಗೆ ಬೇಜಾರಾಗ್ಬಾರ್ದು ಅಂತ ಹಾಗೆ ಹೇಳಿದ್ದಾರೆ. ಉಪ್ಪು ಅಂತ ಹೇಳೋಕೆ ನಾಚಿಕೆ ಆಗಿರ್ಬೇಕು, ಪಾಪ.' ಹೀಗಂದ್ರು, ಆದ್ರೆ ನನ್ನ ಮುಖ ನೋಡಲಿಲ್ಲ. ಅವರ ಎದೇಲೂ ಅದೇ ಕೊರೀತಿತ್ತು. ಇಪ್ಪತ್ತೆರಡು ವರ್ಷ ಅಕ್ಕ ಅಂತ ನಂಬಿದೋಳು ನಿಜವಾಗ್ಲೂ ಅಕ್ಕನಾ ಅಲ್ವಾ, ಇದೊಂದೇ ಪ್ರಶ್ನೆ. ಹಿಟ್ಟು ಲಟ್ಟಿಸ್ತಾ ಲಟ್ಟಿಸ್ತಾ, 'ನಾನೇ ಹೋಗಿ ಬರ್ತೀನಿ. ಒಳ್ಳೇ ಬಿಸ್ಕತ್ ಕೊಟ್ಟು ತಪ್ಪಾಯ್ತು ಅಂತ ಹೇಳಿ ಬರ್ತೀನಿ' ಅಂದ್ರು.

ನನಗೊಂದು ಹಳೇ ವಿಷಯ ನೆನಪಾಯ್ತು. ನಾನು ಈ ಮನೆಗೆ ಬಂದ ಹೊಸದರಲ್ಲಿ ಆಪಾ ಟೀ ತಂದುಕೊಟ್ಟಾಗ ನಾನೂ ಕುಡಿದಿರಲಿಲ್ಲ. ಮುಖಕ್ಕೇ ಹೇಳಿದ್ದೆ, 'ನಮ್ಮ ಮನೇಲಿ ಒಪ್ಪಲ್ಲ ಆಪಾ, ತಪ್ಪು ತಿಳ್ಕೋಬೇಡಿ' ಅಂತ. 'ಅದಕ್ಕೇನಂತೆ ಬಿಡಮ್ಮ' ಅಂತ ಲೋಟ ವಾಪಸ್ ತಗೊಂಡು ಹೋಗಿದ್ರು. ಮರುದಿನವೂ ಅದೇ ನಗು, ಅದೇ ಮಾತು. ಎರಡು ವರ್ಷ ಆದಮೇಲೆ ನನ್ನ ಮೂರ್ಖತನ ನನಗೇ ಅರ್ಥವಾಗಿ ನಾನೇ ಟೀ ಕೇಳಿ ಕುಡಿದೆ. ನಾನೇನು ದೊಡ್ಡ ಮನುಷ್ಯಳಲ್ಲ. ಆದ್ರೆ ಸುಳ್ಳು ಹೇಳಿರಲಿಲ್ಲ.

ಅವತ್ತೇ ಹೊರಟ್ವಿ. ಬ್ಲೌಸ್ ಹಾಳಾಗಿಹೋಗಲಿ ಅಂತ ಮಷೀನ್ ಮುಚ್ಚಿ ನಾನೂ ಜೊತೆಗೆ ಹೋದೆ. ಈ ಸಲ ಹಿಟ್ಟೂ ರುಚಿ ನೋಡಿದ್ದೆ, ಬಿಸ್ಕತ್ತೂ ತಿಂದಿದ್ದೆ, ಏಟು ಬೀಳಲಿಲ್ಲ. ಹೆಬ್ಬಾಳದಲ್ಲಿ ಒಂದು ಬಸ್ಸು, ಯಲಹಂಕದಲ್ಲಿ ಇನ್ನೊಂದು. ದಾರಿಯುದ್ದಕ್ಕೂ ಆಪಾ ಡಬ್ಬಿ ತೊಡೆ ಮೇಲಿಂದ ಇಳಿಸಲಿಲ್ಲ. ನಾನು ಬಾಯಿಗೆ ಬೀಗ ಹಾಕ್ಕೊಂಡು ಕೂತೆ. ನನ್ನ ಮಟ್ಟಿಗೆ ಅದು ಸಣ್ಣ ವಿಷಯ ಅಲ್ಲ.

ಮುನಿಗಂಗಮ್ಮನ ಮನೆ ಗೇಟ್ ತೆಗೆದಾಗ ಅಂಗಳದಲ್ಲಿ ಕೆಲಸದ ಹೆಂಗಸೊಬ್ಬಳು ಪಾತ್ರೆ ಉಜ್ಜುತ್ತಿದ್ದಳು. ರಾಯಚೂರು ಕಡೆಯವಳು, ಅಶ್ವತ್ಥ್ ಕಟ್ಟಿಸ್ತಿರೋ ಬಿಲ್ಡಿಂಗಿನ ಶೆಡ್ಡಲ್ಲಿ ಸಂಸಾರ. ಆಪಾ ಕೈಲಿದ್ದ ಡಬ್ಬಿ ನೋಡಿದವಳೇ ಮುಖ ಅರಳಿಸಿಕೊಂಡು ಎದ್ದುಬಂದಳು.

'ಅಮ್ಮಾ, ವರ್ಷಾ ಬಿಸ್ಕಿಟ್ ಕಳ್ಸೋರು ನೀವೇನ್ರೀ? ನಾ ಬಂದು ಆರು ವರ್ಷ ಆತ್ರೀ, ಆರು ವರ್ಷನೂ ಡಬ್ಬಿ ತುಂಬಾ ನಮಗೇ ಕೊಟ್ಟಾರ್ರೀ ಅಮ್ಮಾರು. ನಮ್ ಹುಡುಗ್ರು ದಾರಿ ಕಾಯ್ತಿರ್ತಾವು ನೋಡ್ರೀ. ಇವತ್ ಮುಂಜಾನೆ ಕೊಟ್ರು, ಈ ಸಲ ಯಾಕ್ರೀ ಅಮ್ಮಾ ಬರೇ ಉಪ್ಪೈತಿ?'

ಆಪಾ ಮೆಲ್ಲಗೆ, 'ತಪ್ಪಾಯ್ತಮ್ಮಾ, ಕೈ ತಪ್ಪಿ ಬಿತ್ತು' ಅಂದ್ರು. ಅಲ್ಲೂ ಅವರೇ ಕ್ಷಮೆ ಕೇಳಿದ್ದು!

ಅಷ್ಟರಲ್ಲಿ ಮುನಿಗಂಗಮ್ಮ ಬಾಗಿಲಿಗೆ ಬಂದ್ಲು. 'ಇದೇನವ್ವ ಅಕ್ಬರಿ, ದಿಢೀರ್ ಅಂತ! ಒಂದ್ ಮಾತು ಏಳ್ಬಾರ್ದಾ? ಬಾ ಬಾ, ಒಳಿಕ್ ಬಾ.' ಹಾಲಲ್ಲಿ ಸೋಫಾ ಮೇಲೆ ಕೂರಿಸಿದ್ಲು. ಮಂಜುಶ್ರೀ ಕಾಫಿ ತಂದುಕೊಟ್ಟು, ಅತ್ತೆ ಮುಖ ನೋಡಿ ಒಳಗೆ ಹೋದಳು. ಮೂರು ಬಿಸ್ಕತ್ ತಿಂದ ಮಂಜುಶ್ರೀ!

ಆಪಾ ಡಬ್ಬಿ ಮುಚ್ಚಳ ತೆಗೆದು ಟೀಪಾಯಿ ಮೇಲಿಟ್ರು. 'ಒಂದು ತಗೊಳ್ಳಿ ಅಕ್ಕಾ.'

'ಇವತ್ ಒಪ್ಪತ್ತು ಕಣವ್ವ. ಆಮೇಲ್ ತಿಂತೀನಿ, ಇಟ್ಟಿರು.'

'ನಿನ್ನೆ ಕಳಿಸಿದ್ದರಲ್ಲಿ ಬರೀ ಉಪ್ಪಿತ್ತು ಅಕ್ಕಾ. ಸಕ್ಕರೆ ಡಬ್ಬದಲ್ಲಿ ಉಪ್ಪಿತ್ತು, ನೋಡದೆ ಹಾಕಿಬಿಟ್ಟಿದ್ದೆ.'

ಮುನಿಗಂಗಮ್ಮನ ಮುಖ ನೋಡಬೇಕಿತ್ತು ನೀವು. ಅಂಗಳದಲ್ಲಿದ್ದ ಕೆಲಸದವಳ ಕಡೆ ಕಣ್ಣು ಹಾಯಿಸಿದ್ಲು. ಬಣ್ಣ ಬಯಲಾಗೋದು ಅಂದ್ರೆ ಏನು ಅಂತ ಅವತ್ತು ಕಣ್ಣಾರೆ ಕಂಡೆ. ನಾನು ಎದ್ದು ನಿಂತು ಜನ್ಮ ಜಾಲಾಡೋಕೆ ರೆಡಿಯಾಗಿದ್ದೆ, ಆಪಾ ನನ್ನ ಸೆರಗು ಹಿಡಿದು ಕೂರಿಸಿದ್ರು.

'ನಮ್ ಅತ್ತೆ ಇದ್ರಲ್ಲವ್ವ ಆಗ,' ಅಂದ್ಲು ಮುನಿಗಂಗಮ್ಮ, ಧ್ವನಿ ಸಣ್ಣಗಾಗಿತ್ತು. 'ತುರುಕ್ರು ಮನೇದು ಒಳಿಕ್ ತರ್ಬೇಡ ಅಂದ್ರು. ಬಿಸಾಕಕ್ ಮನ್ಸಾಗ್ನಿಲ್ಲ, ಆಳ್ಗೆ ಕೊಟ್ಟೆ. ಅತ್ತೆ ಓದ್ಮೇಲೂ ಅದೇ ಅಭ್ಯಾಸ ಆಗೋಯ್ತು. ನಿಂಗೆ ಏಳ್ಬೇಕು ಅಂತ ಎಷ್ಟ್ ಸಲ ಅನ್ಕಂಡೆ. ಏಳಿದ್ರೆ ನೀನು ಮಾತಾಡಾದ್ ನಿಲ್ಲಿಸ್ಬುಡ್ತೀಯ ಅಂತ ಭಯ ಆಯ್ತು. ನಿನ್ ಮೇಲೆ ನಂಗೆ ಪ್ರೀತಿ ಇಲ್ಲ ಅನ್ಕಬೇಡ ಕಣವ್ವ.'

ಸುಳ್ಳು ಅನ್ನಿಸಲಿಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸಿತು. ಪ್ರೀತಿ ಇದ್ದೂ ಇಂಥ ಕೆಲಸ ಮಾಡೋರನ್ನ ಏನಂತ ಬೈಯೋದು ಹೇಳಿ?

'ತಿನ್ನಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು ಅಕ್ಕಾ,' ಅಂದ್ರು ಆಪಾ. 'ಹೂವು ಕಳಿಸ್ತಿದ್ದೆ. ಬಾಳೆಹಣ್ಣು ಕಳಿಸ್ತಿದ್ದೆ. ಮಾತಾಡೋದು ಯಾಕೆ ನಿಲ್ಲಿಸ್ಲಿ? ತಿನ್ನದೇ ಇದ್ದಿದ್ದಕ್ಕೆ ನನಗೆ ಬೇಜಾರಿಲ್ಲ. ಚೆನ್ನಾಗಿದೆ ಅಂದ್ರಲ್ಲ, ಪ್ರತಿ ವರ್ಷ, ಅದಕ್ಕೆ.' ಇಲ್ಲಿಗೆ ನಿಲ್ಲಿಸ್ತಾರೆ ಅನ್ಕೊಂಡೆ. ನಿಲ್ಲಿಸಲಿಲ್ಲ. 'ಒಂದು ವರ್ಷ ನೀವು ಖಾರ ಆಯ್ತು ಅಂದ್ರಿ. ನೆನಪಿದ್ಯಾ?'

'ಆಗಿದ್ದ ಆಳು ಅಂಗಂದ್ಲು. ಅದ್ನೇ ನಿಂಗೆ ಏಳಿದ್ದೆ,' ಅಂದ್ಲು ಮುನಿಗಂಗಮ್ಮ ತಲೆ ಬಗ್ಗಿಸಿ.

'ಅವಾಗ ನಾನು ಕರಿಮೆಣಸು ಕುಟ್ಟಿ ಹಾಕ್ತಿದ್ದೆ. ಹೆಡ್‌ಮಿಸ್ ಹಾಗೇ ಕಲಿಸಿದ್ದು. ನಿಮಗೆ ಆಗಲ್ಲ ಅಂತ ಅವತ್ತಿಂದ ಬಿಟ್ಟೆ. ನಮ್ಮ ಮನೆಯವರಿಗೆ ಆ ಖಾರದ್ದೇ ಬೇಕು. ಹಾಗೇ ಮಾಡು ಅಂತ ವರ್ಷಾವರ್ಷ ಕೇಳೋರು. ಹೋಗೋ ಮುಂಚಿನ ಡಿಸೆಂಬರ್‌ನಲ್ಲಿ ಹಾಸಿಗೆ ಹಿಡಿದಿದ್ರಲ್ಲ, ಆವಾಗಲೂ ಕೇಳಿದ್ರು. ಬಾಯಿಗೆ ಏನೂ ರುಚಿಸ್ತಾ ಇಲ್ಲ ಅಕ್ಬರಿ, ಆ ಮೆಣಸಿನ ಬಿಸ್ಕತ್ ಒಂದು ಮಾಡಿಕೊಡು ಅಂದ್ರು. ನಾನು ಗದರಿದೆ ಅಕ್ಕಾ. ಒಂದೇ ಹಿಟ್ಟು, ಎರಡೆರಡು ಥರ ಎಲ್ಲಿ ಮಾಡ್ಲಿ, ಅಕ್ಕನಿಗೆ ಖಾರ ಆಗಲ್ಲ ಅಂದೆ. ಸರಿ ಬಿಡು, ಅಂದ್ರು. ಜನವರೀಲಿ ಹೋಗಿಬಿಟ್ರು.'

ಇದು ನನಗೂ ಗೊತ್ತಿರಲಿಲ್ಲ. ಮೇಲಿನ ಮಹಡೀಲೇ ಇದ್ದೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅದನ್ನ ಒಬ್ಬರೇ ನುಂಗಿಕೊಂಡಿದ್ರು, ಅಕ್ಕನಿಗೋಸ್ಕರ ಅಲ್ವಾ ಅಂತ ಸಮಾಧಾನ ಮಾಡ್ಕೊಂಡು. ಈಗ ಆ ಸಮಾಧಾನವೂ ಇಲ್ಲ. ಬೈಯೋಕೆ ಅಂತ ಬಂದವಳಿಗೆ ಅಳು ಬಂತು, ಜೋರಾಗೇ ಅತ್ತುಬಿಟ್ಟೆ.

ಮುನಿಗಂಗಮ್ಮನ ಕಣ್ಣಲ್ಲೂ ನೀರು ಇಳೀತಿತ್ತು. ಒಪ್ಪತ್ತು ಅಂದಿದ್ದವಳು ಡಬ್ಬಿಗೆ ಕೈ ಹಾಕಿದ್ಲು. ಒಂದು ಬಿಸ್ಕತ್ ತೆಗೆದು ಬಾಯಿ ಹತ್ರ ತಂದ್ಲು.

ಆಪಾ ಅವಳ ಮಣಿಕಟ್ಟು ಹಿಡಿದ್ರು. ಒರಟಾಗಿ ಅಲ್ಲ, ಶಾಲೇಲಿ ಮಕ್ಕಳ ಕೈ ಹಿಡೀತಿದ್ರಲ್ಲ, ಹಾಗೆ.

'ಬೇಡ ಅಕ್ಕಾ. ಈಗ ತಿಂದು ಚೆನ್ನಾಗಿದೆ ಅಂದ್ರೂ ನಾನು ಹೇಗೆ ನಂಬ್ಲಿ?'

ಬಿಸ್ಕತ್ತನ್ನ ಅವಳ ಬೆರಳಿಂದ ಬಿಡಿಸಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ್ರು. 'ಏಳು ಧನಾ, ಯಲಹಂಕದ ಬಸ್ಸು ತಪ್ಪುತ್ತೆ' ಅಂದ್ರು.